ತೂಗಿ ನೋಡಿ ನೀರಿಗಿಳಿಸಿದ ಹಡಗು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಜ್ಞಾನ ಗೋಷ್ಠಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಸಭಾಂಗಣವನ್ನು ಪ್ರವೇಶಿಸುವಾಗ ಎಡಬದಿಯ ಮೇಜಿನ ಮೇಲೆ ಬೂದುಬಣ್ಣದ ಒಂದು ಹಡಗನ್ನು ತಾವೆಲ್ಲರೂ ನೋಡಿದ್ದೀರಿ. ಐದು ಅಡಿಗೂ ಮಿಕ್ಕಿ ಉದ್ದವಿರುವ ಆ ಹಡಗು ಬರಿಯ ಪ್ರದರ್ಶನದ ವಸ್ತುವಲ್ಲ. ದಡದಲ್ಲಿ ನಿಂತ ಮಗುವಿನ ಕೈಯಲ್ಲಿರುವ ರೇಡಿಯೋ ನಿಯಂತ್ರಕದ ಆಣತಿಯಂತೆ ಅದು ನೀರಿನಲ್ಲಿ ಚಲಿಸುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಇದನ್ನು ನೋಡಿದವರಲ್ಲಿ ಹಲವರು ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು: “ಕಡಲೇ ಇಲ್ಲದ ವಯನಾಡಿನಲ್ಲಿ ಯುದ್ಧನೌಕೆಯೇಕೆ?” ಆ ಪ್ರಶ್ನೆಗೆ ಉತ್ತರ ಹೇಳುವುದೂ, ಇಂತಹ ಕೆಲಸವನ್ನು ಆರಂಭಿಸಬೇಕೆನ್ನುವವರಿಗೆ ನಮ್ಮ ಅನುಭವವನ್ನು ತಿಳಿಸುವುದೂ, ಕೊನೆಗೆ ನಮ್ಮಿಂದಾದ ಒಂದು ತಪ್ಪನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳುವುದೂ ಇಂದಿನ ಮಾತಿನ ಉದ್ದೇಶ.

ವಯನಾಡಿನಲ್ಲಿ ಕಡಲಿಲ್ಲ, ನಿಜ. ಆದರೆ ನೀರಿಗೇನೂ ಕೊರತೆಯಿಲ್ಲ. ಪೂಕೋಡ್ ಸರೋವರವಿದೆ, ಕಾರಾಪುಳ ಇದೆ, ಬಾಣಾಸುರ ಸಾಗರವಿದೆ. ನಮ್ಮ ಜಿಲ್ಲೆಯ ಬಹುಪಾಲು ಮಳೆಯ ನೀರು ಕಬಿನಿಯನ್ನು ಸೇರಿ ಪೂರ್ವಕ್ಕೆ ಕರ್ನಾಟಕದೊಳಕ್ಕೆ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಘಟ್ಟದ ಅಂಚಿನ ಮತ್ತೊಂದು ಪಾಲು ಚಾಲಿಯಾರ್ ಹೊಳೆಯನ್ನು ಸೇರಿ, ಬೇಪೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಒಂದೇ ಮಲೆಯ ಮೇಲೆ ಬಿದ್ದ ಮಳೆ ಹೀಗೆ ಎರಡು ಕಡಲುಗಳ ಪಾಲಾಗುತ್ತದೆ. ಆ ಬೇಪೂರಿನಲ್ಲಿಯೇ ‘ಉರು’ ಎಂಬ ಮರದ ದೊಡ್ಡ ಹಡಗುಗಳನ್ನು ಕಟ್ಟುವ ಕುಶಲಕರ್ಮಿಗಳಿದ್ದಾರೆ. ಕಾಗದದ ನಕ್ಷೆಯನ್ನು ಅವಲಂಬಿಸದೆ ಮೇಸ್ತ್ರಿಯ ಮನಸ್ಸಿನ ಲೆಕ್ಕದಿಂದಲೇ ಹಡಗು ಮೈದಳೆಯುವ ಪರಂಪರೆ ಅವರದು. ಹೀಗಿರುವಾಗ ಹಡಗು ನಮಗೆ ಅಷ್ಟೇನೂ ದೂರದ ವಸ್ತುವಲ್ಲ.

ನಮ್ಮ ಹಡಗಿನ ಕಥೆ ಆರಂಭವಾದದ್ದು ಕಾರವಾರದಲ್ಲಿ. ಶೈಕ್ಷಣಿಕ ಪ್ರವಾಸಕ್ಕೆಂದು ಮಕ್ಕಳನ್ನು ಕೋಳಿಕ್ಕೋಡಿನಿಂದ ಕೊಂಕಣ ರೈಲಿನಲ್ಲಿ ಕರೆದೊಯ್ದಿದ್ದೆವು. ಕಾರವಾರದ ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ‘ಐ.ಎನ್.ಎಸ್. ಚಪಲ್’ ಎಂಬ ಕ್ಷಿಪಣಿ ನೌಕೆಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯವನ್ನಾಗಿ ಇರಿಸಿದ್ದಾರೆ. 1976ರಲ್ಲಿ ನೌಕಾಪಡೆಯನ್ನು ಸೇರಿದ ಈ ನೌಕೆ 2005ರಲ್ಲಿ ಸೇವೆಯಿಂದ ನಿವೃತ್ತವಾಯಿತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಮೇಲೆ ದಾಳಿ ನಡೆಸಿದ ನಿಪಾತ್, ನಿರ್ಘಾತ್, ವೀರ್ ಎಂಬ ನೌಕೆಗಳ ವಂಶಕ್ಕೇ ಸೇರಿದ, ಅವುಗಳ ನಂತರದ ಪೀಳಿಗೆಯ ನೌಕೆಯಿದು. ಆ ದಾಳಿಯ ನೆನಪಿಗಾಗಿಯೇ ಡಿಸೆಂಬರ್ 4ನ್ನು ನೌಕಾಪಡೆಯ ದಿನವೆಂದು ಆಚರಿಸುತ್ತಾರೆ. ಕಾರವಾರದಲ್ಲಿಯೇ ಇರುವ ನೌಕಾನೆಲೆಗೆ ಬನವಾಸಿಯ ಕದಂಬರ ಹೆಸರಿದೆ ಎಂದು ತಿಳಿದಾಗ, ಇತಿಹಾಸದ ಪಾಠದಲ್ಲಿ ಕದಂಬರನ್ನು ಓದಿದ್ದ ಮಕ್ಕಳ ಮುಖ ಅರಳಿತು.

ಹಿಂದಿರುಗುವ ರೈಲಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಟೀಚರ್, ಇದನ್ನು ನಾವೇ ಮಾಡಬಹುದಲ್ಲವೇ? ಆಟಿಕೆಯಷ್ಟು ಚಿಕ್ಕದಲ್ಲ, ದೊಡ್ಡದು, ನೀರಿನಲ್ಲಿ ಓಡುವಂಥದ್ದು” ಎಂದಳು. ನಾವು ಆ ಮಾತನ್ನು ಮುಗುಳ್ನಕ್ಕು ಮರೆತುಬಿಡಬಹುದಿತ್ತು. ಆದರೆ ನಮ್ಮ ಗಣಿತದ ಅಧ್ಯಾಪಕರು ಅಲ್ಲಿಯೇ ಟಿಪ್ಪಣಿ ಪುಸ್ತಕ ತೆರೆದು ಲೆಕ್ಕಕ್ಕೆ ತೊಡಗಿದರು.

ಆರಂಭಿಸುವವರು ಮಾಡಬೇಕಾದ ಮೊದಲ ಕೆಲಸ ಯಾವ ಹಡಗು, ಯಾವ ಪ್ರಮಾಣ ಎಂಬುದನ್ನು ನಿರ್ಧರಿಸುವುದು. ಮಕ್ಕಳಲ್ಲಿ ಹೆಚ್ಚಿನವರಿಗೆ ಕೊಚ್ಚಿಯಲ್ಲಿ ನಿರ್ಮಾಣಗೊಂಡು 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರ್ಪಡೆಯಾದ ವಿಮಾನವಾಹಕ ನೌಕೆ ವಿಕ್ರಾಂತದ ಮೇಲೆ ಆಸೆ. ಅದರ ಉದ್ದ 262 ಮೀಟರ್, ಅಗಲ 62 ಮೀಟರ್, ತೂಕ ಸುಮಾರು 43,000 ಟನ್. ಇಪ್ಪತ್ತೈದರಲ್ಲೊಂದು ಪ್ರಮಾಣದಲ್ಲಿ ಮಾಡಿದರೆ ಮಾದರಿಯ ಉದ್ದವೇ ಹತ್ತೂವರೆ ಮೀಟರ್ ಆಗುತ್ತದೆ. ನಮ್ಮ ತರಗತಿಯ ಕೋಣೆಯಲ್ಲಿ ಅದು ಹಿಡಿಸದು. ಇನ್ನು ತೂಕದ ಮಾತು. ಉದ್ದ ಇಪ್ಪತ್ತೈದು ಪಟ್ಟು ಕುಗ್ಗಿದರೆ ಅಗಲವೂ ಆಳವೂ ಅಷ್ಟೇ ಕುಗ್ಗುತ್ತವೆ. ಆದ್ದರಿಂದ ತೂಕವು ಇಪ್ಪತ್ತೈದರ ಘನದಷ್ಟು, ಅಂದರೆ 15,625 ಪಟ್ಟು ಕುಗ್ಗುತ್ತದೆ. ಅಷ್ಟು ಕುಗ್ಗಿದ ಮೇಲೂ ವಿಕ್ರಾಂತದ ಮಾದರಿ ಎರಡೂ ಮುಕ್ಕಾಲು ಟನ್ ತೂಗಬೇಕು! ನೂರರಲ್ಲೊಂದು ಪ್ರಮಾಣಕ್ಕೆ ಇಳಿಸಿದರೂ 2.62 ಮೀಟರ್ ಉದ್ದ, 43 ಕಿಲೋ ತೂಕ. ಅದನ್ನು ಹೊತ್ತು ಕೆರೆಗೆ ಇಳಿಸುವವರು ಯಾರು?

ಚಪಲ್ ನೌಕೆಯ ಉದ್ದ 38.6 ಮೀಟರ್, ಅಗಲ 7.6 ಮೀಟರ್, ತೂಕ 245 ಟನ್. ಇಪ್ಪತ್ತೈದರಲ್ಲೊಂದು ಪ್ರಮಾಣದಲ್ಲಿ ಇದರ ಮಾದರಿ 154 ಸೆಂಟಿಮೀಟರ್ ಉದ್ದ, ಮೂವತ್ತು ಸೆಂಟಿಮೀಟರ್ ಅಗಲ, ಹದಿನೈದು ಕಿಲೋ ಏಳುನೂರು ಗ್ರಾಂ ತೂಕವಾಗುತ್ತದೆ. ಎರಡು ಮಕ್ಕಳು ಎತ್ತಬಹುದು, ಜೀಪಿನ ಹಿಂಬದಿಯಲ್ಲಿ ಹಿಡಿಸುತ್ತದೆ. ಹೊಸಬರಿಗೆ ನಾವು ಹೇಳುವ ಮೊದಲ ಬುದ್ಧಿಮಾತು ಇದೇ: ದೊಡ್ಡ ಮಾದರಿ ಬೇಕೆಂದರೆ ದೊಡ್ಡ ಹಡಗನ್ನು ಆರಿಸಬೇಡಿ. ಚಿಕ್ಕ ಹಡಗನ್ನು ಆರಿಸಿ, ದೊಡ್ಡ ಪ್ರಮಾಣದಲ್ಲಿ ಮಾಡಿ. ಕಟ್ಟಲು ಕೂರುವ ಮುನ್ನ ಕೋಣೆಯ ಬಾಗಿಲು, ವಾಹನದ ಅಳತೆ, ಕೆರೆಯ ದಡ, ಹೊರುವವರ ತೋಳು, ಈ ನಾಲ್ಕನ್ನೂ ಅಳೆಯಿರಿ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಡಗಿನ ಮಾದರಿಗಳಿಂದ ನಿಜವಾದ ಹಡಗಿನ ನಡೆಯನ್ನು ತಿಳಿಯುವ ಶಾಸ್ತ್ರವನ್ನು ರೂಪಿಸಿದವರು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್. ಮಾದರಿಯು ಎಬ್ಬಿಸುವ ಅಲೆ ನಿಜ ಹಡಗಿನ ಅಲೆಯಂತೆಯೇ ಕಾಣಬೇಕಾದರೆ ಅದರ ವೇಗವನ್ನು ಪ್ರಮಾಣದ ವರ್ಗಮೂಲದಷ್ಟು ಕುಗ್ಗಿಸಬೇಕೆಂದು ಅವರು ತೋರಿಸಿದರು. ಇಪ್ಪತ್ತೈದರ ವರ್ಗಮೂಲ ಐದು. ಸುಮಾರು 37 ನಾಟ್ ವೇಗದ ನೌಕೆಯ ಮಾದರಿ ಅದರ ಐದನೆಯ ಒಂದಂಶದಲ್ಲಿ, ಎಂದರೆ ಸೈಕಲ್ ತುಳಿಯುವವನ ವೇಗದಲ್ಲಿ ಹೋದರೆ ಸಾಕು. ಇಂದಿಗೂ ವಿಶಾಖಪಟ್ಟಣದ ನೌಕಾ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರಯೋಗಾಲಯದಲ್ಲಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಮಾದರಿಗಳನ್ನು ಎಳೆದು ಪರೀಕ್ಷಿಸುತ್ತಾರೆ. ಆದ್ದರಿಂದ ಮಾದರಿ ಮಾಡುವುದನ್ನು ಮಕ್ಕಳಾಟವೆಂದು ತಾವು ತಳ್ಳಿಹಾಕಬಾರದು. ಎನ್.ಸಿ.ಸಿ.ಯ ನೌಕಾ ವಿಭಾಗದಲ್ಲಿಯೂ ಹಡಗಿನ ಮಾದರಿ ತಯಾರಿ ಒಂದು ಸ್ಪರ್ಧೆಯೇ ಆಗಿದೆ. ಮಂಗಳೂರು, ಉಡುಪಿಗಳಲ್ಲಿ ಕಾಲೇಜು ಓದುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ದಾರಿ ತೆರೆದಿದೆ.

ಇನ್ನು ಒಡಲು ಕಟ್ಟುವ ಬಗೆ. ನಕ್ಷೆಯಲ್ಲಿ ಹಡಗಿನ ಅಡ್ಡಕೊಯ್ತದ ಗೆರೆಗಳಿರುತ್ತವೆ. ಒಂದೊಂದು ಗೆರೆಯನ್ನೂ ಐದು ಮಿಲಿಮೀಟರ್ ದಪ್ಪದ ಪ್ಲೈವುಡ್ಡಿಗೆ ಇಳಿಸಿ ಕತ್ತರಿಸಿದರೆ ಹಡಗಿನ ಪಕ್ಕೆಲುಬುಗಳು ಸಿದ್ಧವಾಗುತ್ತವೆ. ಅವನ್ನು ನೇರವಾದ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಅಡಿಮರವನ್ನು ಜೋಡಿಸಿ, ಮೇಲೆ ತೆಳ್ಳನೆಯ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಅಂಟಿಸುತ್ತ ಬರಬೇಕು. ಎಡಕ್ಕೊಂದು ಅಂಟಿಸಿದರೆ ಬಲಕ್ಕೊಂದು ಅಂಟಿಸಬೇಕು. ಒಂದೇ ಬದಿಯನ್ನು ಮುಗಿಸಿಕೊಂಡು ಹೋದರೆ ಒಡಲು ಬಾಳೆಹಣ್ಣಿನಂತೆ ಬಾಗುತ್ತದೆ. ಪರದೇಶದವರು ಬಳಸುವ ಬಾಲ್ಸಾ ಮರ ನಮಗೆ ಸುಲಭವಾಗಿ ಸಿಗಲಿಲ್ಲ. ಕಾಫಿ ತೋಟದ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರದ ಒಣಗಿದ ಹಲಗೆಯನ್ನು ಪೋಷಕರೊಬ್ಬರು ತಂದುಕೊಟ್ಟರು. ಊರಿನ ಬಡಗಿಯೊಬ್ಬರು ಅದನ್ನು ಮೂರು ಮಿಲಿಮೀಟರ್ ದಪ್ಪದ ಪಟ್ಟಿಗಳನ್ನಾಗಿ ಸೀಳಿಕೊಟ್ಟರು.

ಪಟ್ಟಿಗಳ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಹೊದಿಸಿ ಎಪಾಕ್ಸಿ ರಾಳ ಬಳಿಯಬೇಕು. ಈ ಹಂತದಲ್ಲಿ ಪೋಷಕರು ಎಚ್ಚರದಿಂದಿರಬೇಕೆಂದು ನಮ್ಮ ವಿನಂತಿ. ರಾಳದ ಕೆಲಸ ದೊಡ್ಡವರ ಕೈಯಲ್ಲಿರಲಿ. ತೆರೆದ ಜಗಲಿಯಲ್ಲಿ, ಕೈಗವಸು ತೊಟ್ಟು ಮಾಡಬೇಕು. ಉಜ್ಜುವಾಗ ಮೂಗಿಗೆ ಮುಖಗವಸು ಬೇಕೇ ಬೇಕು, ಏಕೆಂದರೆ ಗಾಜಿನ ದೂಳು ಶ್ವಾಸಕೋಶಕ್ಕೆ ಹಾನಿಕರ. ಅಗ್ಗವೆಂದು ಪಾಲಿಯೆಸ್ಟರ್ ರಾಳವನ್ನು ಆರಿಸುವವರು, ಅದರ ಜೊತೆ ಬರುವ ಗಟ್ಟಿಕಾರಕವನ್ನೂ ಕೋಬಾಲ್ಟ್ ವೇಗವರ್ಧಕವನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಅದು ಸ್ಫೋಟಿಸೀತು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ನಮ್ಮ ಜೂನ್, ಜುಲೈ ತಿಂಗಳ ತೇವದಲ್ಲಿ ರಾಳದ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ.

ಯಂತ್ರದ ವಿಷಯಕ್ಕೆ ಬಂದರೆ, ಮೊದಲಿಗೆ ಕಾರಿನ ಗಾಜೊರೆಸುವ ವೈಪರ್ ಮೋಟಾರನ್ನು ತಂದೆವು. ಅದರ ಹಲ್ಲುಗಾಲಿಗಳು ವೇಗವನ್ನು ಬಹಳ ತಗ್ಗಿಸುವುದರಿಂದ ಅದು ಫಿರಕಿ ತಿರುಗಿಸಲು ಪ್ರಯೋಜನಕ್ಕೆ ಬರಲಿಲ್ಲ. ಆಮೇಲೆ ಕಾರಿನ ಹವಾನಿಯಂತ್ರಕದ ಗಾಳಿ ಊದುವ ಮೋಟಾರುಗಳು ಸರಿಹೊಂದಿದವು. ಹನ್ನೆರಡು ವೋಲ್ಟಿನವು, ಗಟ್ಟಿಮುಟ್ಟಾದವು, ಗುಜರಿಯಲ್ಲಿ ಸಿಗುವಂಥವು. ಬ್ಯಾಟರಿಗೆ ಮುಚ್ಚಿದ ಸೀಸದ ಬ್ಯಾಟರಿಯೇ ಶಾಲೆಗೆ ಸೂಕ್ತ. ಲಿಥಿಯಂ ಬ್ಯಾಟರಿ ಹಗುರವಾದರೂ, ತಪ್ಪಾಗಿ ಚಾರ್ಜು ಮಾಡಿದರೆ ಬೆಂಕಿ ಹತ್ತುವ ಭಯವಿದೆ. ಹೇಗೂ ನಮ್ಮ ಹಡಗಿಗೆ ತೂಕ ಬೇಕಿತ್ತು. ಬ್ಯಾಟರಿಯ ಬುಡದಲ್ಲಿಯೇ ಒಂದು ಫ್ಯೂಸ್ ಇರಲಿ. ನಿಯಂತ್ರಕ ಮತ್ತು ಗ್ರಾಹಕಗಳು 2.4 ಗಿಗಾಹರ್ಟ್ಸ್ ತರಂಗದವು. ಈ ತರಂಗ ನೀರನ್ನು ಭೇದಿಸಿ ಹೋಗಲಾರದು. ಆದ್ದರಿಂದ ಗ್ರಾಹಕದ ಆಂಟೆನಾ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಈ ರೇಡಿಯೋ ಉಪಕರಣದ್ದೇ. ಆದರೆ ಒಮ್ಮೆ ಕೊಂಡದ್ದನ್ನು ಮುಂದಿನ ಹಡಗುಗಳಿಗೂ ಬಳಸಬಹುದು.

ಇಲ್ಲಿಗೆ ಹಡಗು ಸಿದ್ಧವಾಯಿತು. ಇನ್ನು ನಮ್ಮ ತಪ್ಪಿನ ಕಥೆ.

ಚಪಲ್ ನೌಕೆಯ ಅಟ್ಟದ ಮೇಲೆ ಕ್ಷಿಪಣಿಗಳನ್ನಿರಿಸುವ ನಾಲ್ಕು ದೊಡ್ಡ ಪೆಟ್ಟಿಗೆಗಳಿವೆ. ಅವು ಅಂದವಾಗಿರಲೆಂದು ಹಲಸಿನ ಮರದ ಗಟ್ಟಿ ತುಂಡುಗಳಿಂದಲೇ ಕೆತ್ತಿಸಿದೆವು. ಕೂವೆಮರಕ್ಕೆ ಹಿತ್ತಾಳೆಯ ಕೊಳವೆ ಹಾಕಿಸಿದೆವು. ಒಡಲಿನ ತಳದಲ್ಲಿ ನೀರು ಜಿನುಗಿದರೆ ಬ್ಯಾಟರಿ ಕೆಡಬಾರದೆಂದು, ತಳದಿಂದ ಒಂದು ಗೇಣಿನ ಸಮೀಪ ಎತ್ತರದಲ್ಲಿ ಹಲಗೆ ಕೂರಿಸಿ ಎರಡು ಬ್ಯಾಟರಿಗಳನ್ನೂ ಅದರ ಮೇಲಿಡಿಸಿದೆವು. ಇದು ನಮ್ಮದೇ ಆದೇಶ. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿದಾಗ ಹದಿನೈದು ಕಿಲೋ ಏಳುನೂರು ಗ್ರಾಂ. ಲೆಕ್ಕಕ್ಕೆ ಸರಿಯಾಗಿ ಬಂದಿತ್ತು. ನಮಗೆ ಹೆಮ್ಮೆ.

ಕೆಲಸದ ಗುಂಪಿನಲ್ಲಿ ಒಬ್ಬ ಹುಡುಗನಿದ್ದ. ಹೆಸರು ಹೇಳುವುದಿಲ್ಲ, ಅವನು ಈ ಸಭೆಯಲ್ಲಿಯೇ ಇದ್ದಾನೆ. ಅವನ ಮಾವ ಕುರುವಾ ದ್ವೀಪದ ಬಳಿ ಕಬಿನಿಯಲ್ಲಿ ಬಿದಿರಿನ ತೆಪ್ಪ ನಡೆಸುವವರು. ಹುಡುಗ ಗಣಿತದಲ್ಲಿ ಹಿಂದೆ. ತರಗತಿಯಲ್ಲಿ ಬಾಯಿ ಬಿಡುವುದು ಅಪರೂಪ. ನೀರಿಗಿಳಿಸುವ ಹಿಂದಿನ ದಿನ ಅವನು ಹಡಗನ್ನು ಎರಡೂ ಬದಿಯಿಂದ ಮೆಲ್ಲಗೆ ಅಲುಗಿಸಿ ನೋಡಿ, “ಟೀಚರ್, ತೂಕವೆಲ್ಲ ಮೇಲಿದೆ. ತೆಪ್ಪದಲ್ಲಿ ಜನ ಎದ್ದು ನಿಂತ ಹಾಗಿದೆ” ಎಂದ. ನಾವು ಏನೆಂದೆವು ಗೊತ್ತೇ? “ಲೆಕ್ಕ ಸರಿಯಾಗಿದೆ, ಹೋಗಿ ಕುಳಿತುಕೋ” ಎಂದೆವು. ಅವನು ಹೋಗಿ ಕುಳಿತುಕೊಂಡ.

ಫೆಬ್ರವರಿ ತಿಂಗಳ ಒಂದು ಭಾನುವಾರ. ಹಳೆಯ ವಿದ್ಯಾರ್ಥಿಯೊಬ್ಬರ ಕಾಫಿ ತೋಟದಲ್ಲಿ, ಹೂಮಳೆಗೆ ಬದಲಾಗಿ ತುಂತುರು ನೀರು ಹಾಯಿಸಲೆಂದು ತೋಡಿದ ಕೆರೆಯಿದೆ. ಅಲ್ಲಿ ಹಡಗನ್ನಿಳಿಸಿದೆವು. ಬಳಿದ ಕೆಂಪು ಬಣ್ಣದ ಗೆರೆಗೆ ಸರಿಯಾಗಿ ನೀರು ಮುಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಡಗು ಕೆರೆಯ ನಡುವಿಗೆ ನೇರವಾಗಿ ಹೋಯಿತು. ಹಿಂದಿರುಗಿಸಲೆಂದು ಚುಕ್ಕಾಣಿಯನ್ನು ಪೂರ್ಣ ತಿರುಗಿಸಿದಾಗ, ಅದೇ ವೇಳೆಗೆ ಬೆಟ್ಟದ ಕಡೆಯಿಂದ ಗಾಳಿಯೂ ಬೀಸಿ, ಹಡಗು ಹೊರಬದಿಗೆ ವಾಲಿತು. ವಾಲಿದ್ದು ಮತ್ತೆ ಏಳಲಿಲ್ಲ. ಅಟ್ಟದ ಮುಚ್ಚಳದ ಸಂದಿನಿಂದ ನೀರು ನುಗ್ಗಿತು. ಐದಾರು ತಿಂಗಳ ದುಡಿಮೆ ನಮ್ಮ ಕಣ್ಣೆದುರಿಗೆ ಮುಳುಗಿತು. ಚಿಕ್ಕ ಮಕ್ಕಳು ಅತ್ತರು. ಆ ಹುಡುಗ ಮಾತ್ರ ಮಾತಾಡದೆ ತೋಟದವರಿಂದ ಉದ್ದನೆಯ ಬಿದಿರಿನ ಗಳೆ ಮತ್ತು ಹಗ್ಗ ತರಿಸಿ, ದಡದಲ್ಲಿ ನಿಂತು, ದೊಡ್ಡವರಿಬ್ಬರಿಗೆ ಎಲ್ಲಿ ಕೊಕ್ಕೆ ಹಾಕಬೇಕೆಂದು ತೋರಿಸಿ ಹಡಗನ್ನು ಮೇಲಕ್ಕೆಳೆಸಿದ.

ಒಟ್ಟು ತೂಕ ಸರಿಯಿದ್ದೂ ಹಡಗು ಏಕೆ ಮಗುಚಿತು? ಆರ್ಕಿಮಿಡೀಸನ ತತ್ವವನ್ನು ಒಂಬತ್ತನೆಯ ತರಗತಿಯಲ್ಲಿ ನಾವೇ ಕಲಿಸುತ್ತೇವೆ. ಹಡಗು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಆದ್ದರಿಂದ ತೇಲುತ್ತದೆ. ಆದರೆ ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. ತೂಕ ಕೆಳಕ್ಕೆಳೆಯುವುದು ಗುರುತ್ವ ಕೇಂದ್ರದಿಂದ. ನೀರು ಮೇಲಕ್ಕೊತ್ತುವುದು ಮುಳುಗಿದ ಭಾಗದ ನಡುವಿನಿಂದ. ಹಡಗು ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ ನೀರಿನ ಒತ್ತು ವಾಲಿದ ಬದಿಗೆ ಸರಿಯುತ್ತದೆ, ಹಡಗನ್ನು ಎತ್ತಿ ನಿಲ್ಲಿಸುತ್ತದೆ. ಗುರುತ್ವ ಕೇಂದ್ರ ಮೇಲೇರಿದಷ್ಟೂ ಈ ಎತ್ತುವ ಶಕ್ತಿ ಕುಂದುತ್ತದೆ. ತೆಪ್ಪದಲ್ಲಿ ಕುಳಿತಿದ್ದ ಜನ ಎದ್ದುನಿಂತರೆ ಒಟ್ಟು ತೂಕ ಒಂದು ಗ್ರಾಮೂ ಹೆಚ್ಚುವುದಿಲ್ಲ, ಆದರೂ ತೆಪ್ಪ ಹೊಯ್ದಾಡುತ್ತದೆ. ಹುಡುಗ ಹೇಳಿದ್ದು ಇದನ್ನೇ. ಪಾಠಪುಸ್ತಕದ ಮಾತುಗಳಲ್ಲಿ ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ನಮಗೆ ಅದು ಕೇಳಿಸಲಿಲ್ಲ.

ಸೋಮವಾರದ ಪ್ರಾರ್ಥನಾ ಸಭೆಗೆ ಅವನು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಹಡಗು ಮುಳುಗಿದ್ದಕ್ಕೆ ತನ್ನ ಬಾಯಿಯ ಅಪಶಕುನವೇ ಕಾರಣವೆಂದು ಯಾರೋ ಸಹಪಾಠಿಗಳು ಆಡಿಕೊಂಡಿದ್ದರಂತೆ. ಸಂಜೆ ನಾವು ಅವನ ಮನೆಗೆ ಹೋದೆವು. ಅವನ ತಾಯಿ, “ಮಗ ಏನು ತಪ್ಪು ಮಾಡಿದ ಟೀಚರ್?” ಎಂದು ಕೇಳಿದರು. ಮುಖ್ಯೋಪಾಧ್ಯಾಯಿನಿ ಮನೆಗೆ ಬಂದರೆ ತಪ್ಪು ಮಗನದೇ ಇರಬೇಕೆಂದು ಆ ತಾಯಿ ನಂಬಿದ್ದರಲ್ಲ, ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ತಪ್ಪು ಅವನದಲ್ಲ, ನಮ್ಮದು ಎಂದು ಅಲ್ಲಿ ಹೇಳಿದೆವು. ಬುಧವಾರದ ಪ್ರಾರ್ಥನಾ ಸಭೆಯಲ್ಲಿ ಎಲ್ಲ ಮಕ್ಕಳ ಎದುರಿಗೆ ಮತ್ತೊಮ್ಮೆ ಹೇಳಿದೆವು. ಇಂದು ತಮ್ಮ ಮುಂದೆ ಮೂರನೆಯ ಬಾರಿ ಹೇಳುತ್ತಿದ್ದೇವೆ.

ಅಲ್ಲಿಂದ ಮುಂದೆ ಕೆಲಸದ ರೀತಿಯೇ ಬದಲಾಯಿತು. ಹಡಗನ್ನು ಒಣಗಿಸಿ, ಎಲ್ಲ ತೂಕಗಳನ್ನೂ ಮೊದಲಿದ್ದ ಜಾಗದಲ್ಲಿಯೇ ಇರಿಸಿ, ಶಾಲೆಯ ನೀರಿನ ತೊಟ್ಟಿಯಲ್ಲಿ ತೇಲಿಸಿ ಒಂದು ಪರೀಕ್ಷೆ ಮಾಡಿದೆವು. ನಿಜವಾದ ಹಡಗುಗಳಿಗೂ ಇದೇ ಪರೀಕ್ಷೆಯಿದೆ. ಅರ್ಧ ಕಿಲೋ ತೂಕದ ಬಟ್ಟನ್ನು ಅಟ್ಟದ ನಡುವಿನಿಂದ ಪಕ್ಕಕ್ಕೆ ಹತ್ತು ಸೆಂಟಿಮೀಟರ್ ಸರಿಸಬೇಕು. ಐವತ್ತು ಸೆಂಟಿಮೀಟರ್ ಉದ್ದದ ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟರೆ, ಹಡಗು ಎಷ್ಟು ವಾಲಿತೆಂದು ದಾರದ ತುದಿ ತೋರಿಸುತ್ತದೆ. ಮೊದಲಿನ ಸ್ಥಿತಿಯಲ್ಲಿ ಅದು ಆರು ಸೆಂಟಿಮೀಟರ್ ಸರಿಯಿತು. ಆಮೇಲೆ ಬ್ಯಾಟರಿಗಳನ್ನು ತಳಕ್ಕಿಳಿಸಿ ಅವುಗಳಿಗೆ ನೀರು ಸೋಕದ ಪೆಟ್ಟಿಗೆ ಮಾಡಿದೆವು. ಹಲಸಿನ ತುಂಡುಗಳ ಬದಲು ತೆಳು ಪ್ಲೈವುಡ್ಡಿನ ಪೊಳ್ಳು ಪೆಟ್ಟಿಗೆ ಬಂತು. ಹಿತ್ತಾಳೆಯ ಕೂವೆಯ ಬದಲು ಬಿದಿರಿನ ಕಡ್ಡಿ ಬಂತು. ಮೇಲಿನಿಂದ ಉಳಿಸಿದ ತೂಕವನ್ನು ಸೀಸದ ತುಂಡುಗಳಾಗಿ ಅಡಿಮರದ ಪಕ್ಕದಲ್ಲಿ ಇರಿಸಿದೆವು. ಒಟ್ಟು ತೂಕ ಮೊದಲಿನಷ್ಟೇ. ಆದರೆ ದಾರದ ತುದಿ ಈಗ ಎರಡು ಸೆಂಟಿಮೀಟರ್ ಮಾತ್ರ ಸರಿಯಿತು. ಆ ಅಳತೆಯನ್ನು ಹಲಗೆಯ ಮೇಲೆ ಬರೆದವನು ಅದೇ ಹುಡುಗ. ಆರನ್ನು ಎರಡರಿಂದ ಭಾಗಿಸಿ, “ಮೂರು ಪಟ್ಟು ಗಟ್ಟಿಯಾಯಿತು” ಎಂದ. ಗಣಿತದಲ್ಲಿ ಹಿಂದೆ ಎಂದು ನಾವು ಗುರುತು ಹಾಕಿದ್ದ ಹುಡುಗ!

ಹೊಸಬರು ಇದನ್ನು ದಯವಿಟ್ಟು ಗಮನಿಸಬೇಕು. ಒಡಲು ಮುಗಿದ ಕೂಡಲೇ, ಅಟ್ಟ ಮುಚ್ಚುವ ಮೊದಲೇ, ತೊಟ್ಟಿಯಲ್ಲಿ ಈ ಪರೀಕ್ಷೆ ಮಾಡಿರಿ. ತೂಕದ ಪಟ್ಟಿಯಲ್ಲಿ ಎರಡು ಅಂಕಣಗಳಿರಲಿ: ಎಷ್ಟು ತೂಕ, ತಳದಿಂದ ಎಷ್ಟು ಎತ್ತರದಲ್ಲಿ. ನಾವು ಬರೆದದ್ದು ಮೊದಲನೆಯದನ್ನು ಮಾತ್ರ. ಮುಚ್ಚಳಗಳ ಅಂಚಿಗೆ ರಬ್ಬರಿನ ಪಟ್ಟಿ ಅಂಟಿಸಿ. ಒಡಲಿನೊಳಗೆ ಖಾಲಿ ಇರುವೆಡೆಯಲ್ಲಿ ಥರ್ಮೋಕೋಲ್ ತುಂಬಿದರೆ ನೀರು ಹೊಕ್ಕರೂ ಹಡಗು ತಳ ಸೇರುವುದಿಲ್ಲ. ಸಾರ್ವಜನಿಕ ಸರೋವರಗಳಲ್ಲಾದರೆ ಅನುಮತಿ ಪಡೆದೇ ಇಳಿಸಬೇಕು. ಹಡಗು ನಿಂತುಹೋದರೆ ಮಕ್ಕಳು ನೀರಿಗೆ ಇಳಿಯಕೂಡದು. ಉದ್ದನೆಯ ಹಗ್ಗ, ಗಳೆ, ಈಜು ಬಲ್ಲ ಇಬ್ಬರು ಹಿರಿಯರು ದಡದಲ್ಲಿರಬೇಕು. ಮುಳುಗಿದ ಹಡಗನ್ನು ಮತ್ತೆ ಕಟ್ಟಬಹುದು ಎಂಬ ಮಾತನ್ನು ಪ್ರತಿ ಬಾರಿಯೂ ಮಕ್ಕಳಿಂದ ಹೇಳಿಸಿಯೇ ನಾವು ಹಡಗನ್ನು ನೀರಿಗಿಳಿಸುತ್ತೇವೆ.

ಇನ್ನು ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಹಿರಿಯ ಪೋಷಕರೊಬ್ಬರು, ಅಹಿಂಸೆಯನ್ನು ಬೋಧಿಸುವ ಶಾಲೆಯಲ್ಲಿ ಯುದ್ಧನೌಕೆ ಸರಿಯೇ ಎಂದು ಕೇಳಿದರು. ಗೌರವದಿಂದ ಕೇಳಬೇಕಾದ ಪ್ರಶ್ನೆಯಿದು. ನಾವು ಅದನ್ನು ಮಕ್ಕಳ ಮುಂದೆಯೇ ಇಟ್ಟೆವು. ಯುದ್ಧನೌಕೆ ಕೊಲ್ಲಲೆಂದೇ ಕಟ್ಟಿದ ಯಂತ್ರ, ಅದನ್ನು ಮರೆಮಾಚಬಾರದು ಎಂದು ಕೆಲವರು ವಾದಿಸಿದರು. 2004ರ ಸುನಾಮಿಯಲ್ಲಿ ನಮ್ಮ ನೌಕಾಪಡೆಯ ಹಡಗುಗಳು ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಗಳಿಗೆ ನೆರವು ಹೊತ್ತೊಯ್ದದ್ದನ್ನೂ, 2018ರ ಪ್ರವಾಹದಲ್ಲಿ ನೌಕಾಪಡೆಯವರು ಕೇರಳದ ಜನರನ್ನು ದೋಣಿಗಳಲ್ಲಿ ಪಾರುಮಾಡಿದ್ದನ್ನೂ ಕೆಲವರು ನೆನಪಿಸಿದರು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ, ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಹಗಲಿರುಳು ದುಡಿದು ಕಟ್ಟಿದ್ದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆಗೆ ಮಕ್ಕಳು ತಾವೇ ಒಂದು ನಿಯಮ ಮಾಡಿಕೊಂಡರು. ನಮ್ಮ ಹಡಗಿನ ಫಿರಂಗಿಗಳು ಆಕಾರಕ್ಕೆ ಮಾತ್ರ. ಅವು ಏನನ್ನೂ ಹಾರಿಸುವುದಿಲ್ಲ. ಹಡಗಿನ ಹಿಂದೆ ಒಂದು ಕೊಕ್ಕೆಯಿದೆ. ಕೆರೆಯಲ್ಲಿ ನಿಂತುಹೋದ ಇತರ ಮಾದರಿಗಳನ್ನು ದಡಕ್ಕೆಳೆದು ತರುವುದು ಅದರ ಕೆಲಸ. ಆಕ್ಷೇಪಿಸಿದ ಹಿರಿಯರು ಇದನ್ನು ಪೂರ್ತಿ ಒಪ್ಪಿದ್ದಾರೆಂದು ನಾವು ಹೇಳಲಾರೆವು. ಆದರೆ ಎರಡನೆಯ ಬಾರಿ ಹಡಗನ್ನಿಳಿಸಿದ ದಿನ ಅವರು ಕೆರೆಯ ದಡಕ್ಕೆ ಬಂದಿದ್ದರು.

ಪೋಷಕರಲ್ಲಿ ಇನ್ನೊಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದರೆ ಮಕ್ಕಳು ವಿಜ್ಞಾನದಲ್ಲಿ ಹಿಂದುಳಿಯುತ್ತಾರೆಂಬ ಭಯ ತಮ್ಮಲ್ಲಿ ಹಲವರಿಗಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ತಮ್ಮ ಮಕ್ಕಳ ಬಾಳಿನ ಪ್ರಶ್ನೆಯದು. ಈ ಹಡಗಿನ ಕೆಲಸದಲ್ಲಿ ಮಕ್ಕಳು ಪಕ್ಕೆಲುಬು, ಅಡಿಮರ, ಚುಕ್ಕಾಣಿ, ಫಿರಕಿ, ಗುರುತ್ವ ಕೇಂದ್ರ ಎಂದೂ ಆಡಿದರು. ಮೋಟಾರು, ಫ್ಯೂಸು, ಆಂಟೆನಾ ಎಂದೂ ಆಡಿದರು. ಮನೆಯಲ್ಲಿ ಬೇರೆ ನುಡಿಯಾಡುವ ಮಕ್ಕಳು ತಮ್ಮ ಪದಗಳನ್ನೂ ತಂದರು. ಯಾವ ಪದವೂ ಕೆಲಸಕ್ಕೆ ಅಡ್ಡಬರಲಿಲ್ಲ. ಅಡ್ಡಬಂದದ್ದು, ಗೊತ್ತಿರುವವನ ಮಾತಿಗೆ ನಾವು ಕಿವಿಗೊಡದಿದ್ದುದು ಮಾತ್ರ. ನೂರು ವರ್ಷಗಳ ಹಿಂದೆ ಈ ಶಾಲೆಯನ್ನು ತೆರೆದ ಹಿರಿಯರು, ಮಗು ತನಗೆ ತಿಳಿದದ್ದನ್ನು ತನ್ನ ಮಾತಿನಲ್ಲಿ ಹೇಳಲು ಒಂದು ಜಾಗ ಬೇಕೆಂದು ತೆರೆದರೆಂದು ನಾವು ಭಾವಿಸುತ್ತೇವೆ. ಮಗು ಹೇಳಿದರೂ ಗುರುಗಳು ಕೇಳದಿದ್ದರೆ, ಮಾಧ್ಯಮ ಯಾವುದಾದರೇನು ಪ್ರಯೋಜನ?

ಎರಡನೆಯ ಹಡಗಿನ ಕೆಲಸ ಬರುವ ಅಕ್ಟೋಬರಿನಲ್ಲಿ, ಮಳೆ ಹಿಂದೆಗೆದ ಮೇಲೆ ಆರಂಭವಾಗಲಿದೆ. ಈ ಬಾರಿ ತೂಕದ ಪುಸ್ತಕವನ್ನು ಬರೆಯುವ ಹೊಣೆ ಆ ಹುಡುಗನದು. ಪಟ್ಟಿಗಳನ್ನು ಸೀಳಿಕೊಡಲು ಬಡಗಿಯವರು ಒಪ್ಪಿದ್ದಾರೆ. ಭಾನುವಾರಗಳಲ್ಲಿ ಬೆಳಿಗ್ಗೆ ಶಾಲೆಯ ಹಿಂಬದಿಯ ಜಗಲಿಯಲ್ಲಿ ಕೆಲಸ ನಡೆಯುತ್ತದೆ. ಹಳೆಯ ವಿದ್ಯಾರ್ಥಿಗಳು ಬಂದು ಕೈಜೋಡಿಸಬೇಕೆಂದು ಕೋರುತ್ತೇವೆ. ತಮ್ಮ ಮನೆಯ ಮೂಲೆಯಲ್ಲಿ ಹಳೆಯ ಕಾರಿನ ಗಾಳಿಯೂದುವ ಮೋಟಾರು ಬಿದ್ದಿದ್ದರೆ ಗುಜರಿಗೆ ಹಾಕದೆ ನಮಗೆ ತಲುಪಿಸಿ. ವೈಪರ್ ಮೋಟಾರು ಬೇಡ. ನಮ್ಮಲ್ಲಿ ಈಗಾಗಲೇ ಎರಡಿವೆ.